ಬಲಗಡೆಯ ಸೀಟು

ಮಾರ್ಚ್ 3, ಸೋಮವಾರ

ಕಾಗದ ಬಂತು. ಕಾಗದವೆಂದರೆ ಫೋನಿಗೆ ಬಂದ ಮೇಲ್. ವಿಮಾನ ನಿಲ್ಲಿಸುವ ಹ್ಯಾಂಗರಿನ ಹಿಂದೆ, ಎಣ್ಣೆ ಡಬ್ಬಗಳ ಪಕ್ಕದಲ್ಲಿ ನಿಂತು ಮೂರು ಸಲ ಓದಿದೆ. ಐದು ಸಣ್ಣ ಊರುಗಳ ನಡುವೆ ಓಡಾಡುವ ವಿಮಾನ ಕಂಪನಿ. ಐವತ್ತು ಸೀಟಿನ, ಎರಡು ಪ್ರೊಪೆಲ್ಲರಿನ ವಿಮಾನ. ಹದಿಮೂರನೇ ತಾರೀಕು ಸಿಮ್ಯುಲೇಟರಿನಲ್ಲಿ ಪರೀಕ್ಷೆ. ಪಾಸಾದರೆ ಸಹ ಪೈಲಟ್ ಕೆಲಸ. ಬರುತ್ತೇನೋ ಇಲ್ಲವೋ ಎಂದು ಮೂವತ್ತೊಂದರೊಳಗೆ ಹೇಳಬೇಕು. ಬರುವುದಾದರೆ ಏಪ್ರಿಲ್ ಏಳಕ್ಕೆ ಹಾಜರಾಗಬೇಕು.

ಹೊಸಬರನ್ನು ನಲವತ್ತೆರಡು ತುಂಬುವ ತನಕ ಮಾತ್ರ ತೆಗೆದುಕೊಳ್ಳುತ್ತಾರಂತೆ. ನನಗೆ ಆಗಸ್ಟಿನಲ್ಲಿ ತುಂಬುತ್ತದೆ. ಅಂದರೆ ಈ ಬಸ್ಸು ತಪ್ಪಿದರೆ ಹಿಂದಿನಿಂದ ಇನ್ನೊಂದಿಲ್ಲ.

ಹದಿನಾಲ್ಕು ವರ್ಷದಿಂದ ಈ ಹಾರಾಟ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಎರಡು ಸೀಟಿನ ವಿಮಾನ. ಕಲಿಯುವವರು ಎಡಕ್ಕೆ, ನಾನು ಬಲಕ್ಕೆ. ಏಳು ಸಾವಿರ ಗಂಟೆ ಹಾರಿದ್ದೇನೆ, ಎಲ್ಲಿಗೂ ಹೋಗಿಲ್ಲ. ಹತ್ತಿದಲ್ಲೇ ಇಳಿಯುತ್ತೇನೆ. ಗಾಣದೆತ್ತಿಗೆ ರೆಕ್ಕೆ ಕಟ್ಟಿದ ಹಾಗೆ.

ಅರ್ಜಿ ಹಾಕಿಸಿದವನು ರೇಡಿಯೋ. ನನ್ನ ಹಳೆಯ ಶಿಷ್ಯ. ಎಂಜಿನ್ ಶುರುವಾದಾಗ ಅವನ ಬಾಯಿಯೂ ಶುರುವಾಗುತ್ತಿತ್ತು, ಎಂಜಿನ್ ನಿಂತರೂ ಅದು ನಿಲ್ಲುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಅವನ ಬಾಯಿ ಮುಚ್ಚಿಸಲು ಎರಡು ವರ್ಷ ಪಾಡುಪಟ್ಟೆ. ಈಗ ಅವನು ಅದೇ ಕಂಪನಿಯಲ್ಲಿ ಕ್ಯಾಪ್ಟನ್. ಹೋದರೆ ಅವನು ಎಡಕ್ಕೆ, ನಾನು ಬಲಕ್ಕೆ. ನನ್ನ ಸೀಟು ಬದಲಾಗುವುದಿಲ್ಲ, ಸೀಟಿನ ಅರ್ಥ ಬದಲಾಗುತ್ತದೆ.

ಹೆಂಡತಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಬೇಕರಿಯಮ್ಮನ ಪಾಠ. ನಲವತ್ತೆಂಟು ವರ್ಷ. ನಸುಕಿನಲ್ಲಿ ಬ್ರೆಡ್ಡು ಬೇಯಿಸಿ, ಹತ್ತಕ್ಕೆಲ್ಲ ಮೊಣಕೈಯಲ್ಲಿ ಹಿಟ್ಟಿನ ಗುರುತು ಇಟ್ಟುಕೊಂಡೇ ಬರುತ್ತಾರೆ. ಇಳಿಯುವಾಗ ತುಂಬ ಎತ್ತರದಲ್ಲಿದ್ದರು. ನಾನು ಎಂದಿನಂತೆ ಕೈಗಳನ್ನು ತೊಡೆಯ ಮೇಲಿಟ್ಟು ಮನಸ್ಸಿನಲ್ಲಿ ಎಣಿಸಿದೆ. ನಾಲ್ಕಕ್ಕೆ ಅವರಿಗೇ ಗೊತ್ತಾಯಿತು.

ನಾನು ಕಲಿಸುವುದು ಹೀಗೆಯೇ. ತಪ್ಪು ಕಂಡರೆ ಐದರವರೆಗೆ ಎಣಿಸುವುದು, ಆಮೇಲೆ ಬಾಯಿ ತೆರೆಯುವುದು. ನಾನು ಹೇಳಿದ ತಪ್ಪನ್ನು ಮರೆಯುತ್ತಾರೆ, ತಾವೇ ಕಂಡ ತಪ್ಪನ್ನು ಜನ್ಮದಲ್ಲಿ ಮರೆಯುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ದೊಡ್ಡ ಮೇಷ್ಟ್ರು. ಶಾಲೆಯ ಮುಖ್ಯಸ್ಥರು, ನನಗೆ ಹಾರುವುದನ್ನು ಕಲಿಸಿದವರು.

"ಸರ್, ನೀವು ಎಣಿಸ್ತೀರಿ ಅಂತ ನನಗೆ ಗೊತ್ತು, ತುಟಿ ಅಲ್ಲಾಡುತ್ತೆ" ಎಂದರು ಬೇಕರಿಯಮ್ಮ, ಇಳಿದ ಮೇಲೆ.

ನಾನು ಪುಸ್ತಕದಲ್ಲಿ ಹಾರಾಟದ ಹೊತ್ತು ಬರೆಯತೊಡಗಿದೆ.

"ನಮ್ಮ ಒಲೆ ಮುಂದೆ ಹೀಗೆ ಎಣಿಸ್ತಾ ಕೂತ್ರೆ ಊರಿಗೆಲ್ಲ ಇದ್ದಿಲು ಮಾರ್ಬೇಕಾಗುತ್ತೆ."

ಮಧ್ಯಾಹ್ನ ದೊಡ್ಡ ಮೇಷ್ಟ್ರು ನಮ್ಮ ಇನ್ನೊಬ್ಬ ವಿದ್ಯಾರ್ಥಿ ಹಲ್ಲಿನ ಡಾಕ್ಟರನ್ನು ಪಾಠಕ್ಕೆ ಮೇಲೆ ಕರೆದುಕೊಂಡು ಹೋದರು. ಇತ್ತೀಚೆಗೆ ಮೇಷ್ಟ್ರು ಒಂದು ಹೊಸ ಪದ್ಧತಿ ಹಿಡಿದಿದ್ದಾರೆ. ಕಲಿಯುವವರು ಪ್ರತಿ ಡಯಲನ್ನೂ ಗಟ್ಟಿಯಾಗಿ ಓದಿ ಹೇಳಬೇಕು. ವೇಗ ಇಷ್ಟು, ಎತ್ತರ ಇಷ್ಟು, ಎಣ್ಣೆ ಇಷ್ಟು. "ಎಂಥ ಶಿಸ್ತು!" ಎಂದು ಎಲ್ಲರೂ ಹೊಗಳುತ್ತಾರೆ. ಮೇಷ್ಟ್ರಿಗೆ ಡಯಲುಗಳು ಕಾಣುವುದಿಲ್ಲ ಎಂದು ಗೊತ್ತಿರುವುದು ನನಗೊಬ್ಬನಿಗೆ. ಒಂದು ವರ್ಷವಾಯಿತು. ಕಣ್ಣಿನ ಪರೀಕ್ಷೆಯ ಅಕ್ಷರಗಳು ಅವರಿಗೆ ಮೇಲಿನಿಂದ ಕೆಳಗೂ ಕೆಳಗಿನಿಂದ ಮೇಲೂ ಬಾಯಿಪಾಠ.

ದೊಡ್ಡವರು. ಹೊತ್ತು ಬಂದಾಗ ಅವರಿಗೇ ತಿಳಿಯುತ್ತದೆ.

ಮಾರ್ಚ್ 8, ಶನಿವಾರ

ಸಂಜೆ ಹೆಂಡತಿ ಬಟ್ಟೆ ಮಡಚುತ್ತಾ ಕೇಳಿದಳು, "ಪರೀಕ್ಷೆ ಯಾವತ್ತು?"

"ಯಾವ ಪರೀಕ್ಷೆ?"

"ಓಹೋ, ಎರಡು ಪರೀಕ್ಷೆ ಇದೆಯಾ?"

ರೇಡಿಯೋ ಅವಳಿಗೆ ಫೋನ್ ಮಾಡಿದ್ದನಂತೆ. ನಾನು ಎತ್ತಲಿಲ್ಲವಂತೆ. "ಅಕ್ಕಾ, ಸರ್‌ಗೆ ಬಿಳಿ ಶರ್ಟು ತರೋಕೆ ಹೇಳಿ" ಎಂದನಂತೆ. ಅಲ್ಲಿಂದ ಹಿಡಿದು ಅವನ ಮಗುವಿನ ಹಲ್ಲು ಬಂದದ್ದರವರೆಗೆ ನಲವತ್ತು ನಿಮಿಷ ಮಾತು.

ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. "ದಿನಕ್ಕೆ ಇನ್ನೂರು ಜನರ ಹತ್ರ ಮಾತಾಡ್ತೀನಿ. ಅಂಚೆಚೀಟಿ ಯಾವ ಮೂಲೆಗೆ ಅಂಟಿಸ್ಬೇಕು ಅಂತ ಕೇಳೋರೂ ಬರ್ತಾರೆ. ಮನೇಲಿರೋ ಒಬ್ಬ ಮನುಷ್ಯನ ಸುದ್ದಿ ಮಾತ್ರ ನನಗೆ ಪರವೂರಿಂದ ಬರುತ್ತೆ."

"ಹೇಳೋಣ ಅಂತಿದ್ದೆ."

"ಯಾವಾಗ? ಮೇಲೆ ಹೋದ್ಮೇಲೆ ಕಿಟಕಿಯಿಂದ ಕೈ ಬೀಸಿಯಾ?"

ಕಂಪನಿಯ ಊರು ರೈಲಿನಲ್ಲಿ ಆರು ಗಂಟೆ ದೂರ. ಕೆಲಸ ಹಿಡಿದರೆ ತಿಂಗಳಿಗೆ ಎಂಟು ದಿನ ಮನೆ. ಅವಳಿಗೆ ವರ್ಗ ಸಿಗಲು ಎರಡು ವರ್ಷವಾದರೂ ಬೇಕು. ನಾನು ಹೋಗುವುದು ಅವಳಿಗೆ ಬೇಕೋ ಬೇಡವೋ ಎಂದು ನಾನು ಕೇಳಲಿಲ್ಲ. ಅವಳಿಗೆ ಹೇಳಬೇಕೆನಿಸಿದರೆ ಹೇಳುತ್ತಾಳೆ.

ಮಾರ್ಚ್ 9, ಭಾನುವಾರ

ಹೇಳಲಿಲ್ಲ. ಅಲಮಾರಿನ ಬಾಗಿಲಿನ ಹಿಡಿ ಸರಿ ಮಾಡಿದೆ.

ಮಾರ್ಚ್ 13, ಗುರುವಾರ

ಸಂಜೆಯ ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಹಳಿಯ ತಪ್ಪು.

ಸಿಮ್ಯುಲೇಟರ್ ಎಂದರೆ ಮೂರು ಮಂದಿ ಹಿಡಿಸುವ ಡಬ್ಬಿ. ಹೊರಗಿನಿಂದ ನೋಡಿದರೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಬೀರು, ಒಳಗೆ ಹೊಕ್ಕರೆ ನಿಜವಾದ ಕಾಕ್‌ಪಿಟ್. ಪರೀಕ್ಷಕಿ ಕುಳ್ಳಗಿನ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಎಡಕ್ಕೆ ರೇಡಿಯೋ, ಬಲಕ್ಕೆ ನಾನು, ಹಿಂದೆ ಅವರು. ಅರ್ಧ ಗಂಟೆ ಎಲ್ಲ ಚೆನ್ನಾಗಿ ನಡೆಯಿತು. ನಾನು ಹಾರಿಸಿದಾಗ "ಹೂಂ" ಎಂದರು. ಆ ಹೂಂ ಒಳ್ಳೆಯ ಹೂಂ.

ಆಮೇಲೆ ರೇಡಿಯೋ ಹಾರಿಸಬೇಕು, ನಾನು ನೋಡಿಕೊಳ್ಳಬೇಕು. ಮೋಡದೊಳಗೆ ಇಳಿಯುತ್ತಿದ್ದೇವೆ. ಮೂರು ಸಾವಿರ ಅಡಿಯಲ್ಲಿ ನಿಲ್ಲಬೇಕೆಂದು ಆಜ್ಞೆ. ರೇಡಿಯೋ ನಿಲ್ಲಿಸಲಿಲ್ಲ. ಮುಳ್ಳು ಮೂರು ಸಾವಿರ ದಾಟಿ ಇಳಿಯಿತು. ನಾನು ನೋಡಿದೆ. ಕೈಗಳನ್ನು ತೊಡೆಯ ಮೇಲಿಟ್ಟೆ. ಒಂದು, ಎರಡು, ಮೂರು, ನಾಲ್ಕು, ಐದು. ಅವನಿನ್ನೂ ನೋಡಿಲ್ಲ. ಹಳೆಯ ಶಿಷ್ಯನಲ್ಲವೇ, ಇನ್ನೊಂದು ಐದು ಕೊಡೋಣ ಎಂದುಕೊಂಡೆ. ಎಚ್ಚರಿಕೆಯ ಗಂಟೆ ಹೊಡೆಯಿತು. ಮುನ್ನೂರು ಅಡಿ ಕೆಳಗೆ ಹೋಗಿದ್ದೆವು. ಪರೀಕ್ಷಕಿ ಯಂತ್ರ ನಿಲ್ಲಿಸಿದರು. ಡಬ್ಬಿ ನಿಟ್ಟುಸಿರು ಬಿಟ್ಟು ಕೆಳಗೆ ಕೂತಿತು.

"ಎತ್ತರ ನೋಡಿದ್ರಾ?"

"ನೋಡಿದೆ."

"ಯಾವಾಗ?"

"ದಾಟಿದ ತಕ್ಷಣ."

"ಮತ್ತೆ?"

"ಅವರಿಗೇ ಗೊತ್ತಾಗಲಿ ಅಂತ ಕಾದೆ."

ಪರೀಕ್ಷಕಿ ಕನ್ನಡಕ ತೆಗೆದು ದಾರದಲ್ಲಿ ಇಳಿಬಿಟ್ಟರು. "ನಾನೇ ಅವರಿಗೆ ಎತ್ತರ ತಪ್ಪಿಸೋಕೆ ಹೇಳಿದ್ದೆ. ನೋಡದೇ ಇರೋರನ್ನ ನಾನು ತಿದ್ದಬಲ್ಲೆ. ನೋಡಿ ಸುಮ್ನೆ ಕೂರೋರನ್ನ ಕಂಡ್ರೆ ನನಗೆ ಹೆದರಿಕೆ. ಇಪ್ಪತ್ತನಾಲ್ಕಕ್ಕೆ ಇನ್ನೊಂದು ಸಲ ಬನ್ನಿ. ಆಮೇಲೆ ಇಲ್ಲ."

ಕ್ಯಾಂಟೀನಿನಲ್ಲಿ ರೇಡಿಯೋ ಎರಡು ಚಹಾ ತಂದಿಟ್ಟ. ಅವನಿಗೇ ನಾಚಿಕೆಯಾಗಿತ್ತು.

"ಸರ್, ನನ್ನ ಬೈಯ್ಯಿರಿ. ನನಗೆ ಹೇಳಿದ್ರು, ಮಾಡ್ದೆ."

"ಬೈಯ್ಯೋಕೇನಿದೆ."

"ಒಂದು ಮಾತು ಹೇಳ್ಲಾ? ನೀವು ಎಣಿಸ್ತಾ ಕೂತಿರ್ತಿದ್ರಲ್ಲ, ಅದರಿಂದಾನೇ ನಾನು ಕಲಿತದ್ದು. ಆದ್ರೆ ಸರ್, ಇಲ್ಲಿ ಹಿಂದೆ ಕೂತಿರೋ ಐವತ್ತು ಜನ ಕಲಿಯೋಕೆ ಬಂದಿಲ್ಲ. ಮನೆಗೆ ಹೋಗೋಕೆ ಬಂದಿದ್ದಾರೆ."

ಮೊದಲ ಸಲ ಅವನು ಒಂದು ಮಾತು ಹೇಳಿ ನಿಲ್ಲಿಸಿದ್ದು ನೋಡಿದೆ.

ಮಾರ್ಚ್ 15, ಶನಿವಾರ

"ಹೇಗಾಯ್ತು?" ಎಂದು ಕೇಳಿದ್ದಳು ಹೆಂಡತಿ, ನಿನ್ನೆ. "ಸುಮಾರಾಗಿ" ಎಂದಿದ್ದೆ.

ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಜನಿಗೆ ಒಬ್ಬ ಜಾಣ ಕಾವಲುಗಾರ. ಕಳ್ಳ ಗೋಡೆ ಕೊರೆಯುವುದನ್ನು ನೋಡಿದ. ಸುಸ್ತಾದರೆ ತಾನೇ ಬಿಡುತ್ತಾನೆ ಎಂದು ಕೂತ. ಕಳ್ಳ ಒಳಗೆ ಹೊಕ್ಕ. ಕತ್ತಲೆಗೆ ಹೆದರಿ ತಾನೇ ಬರುತ್ತಾನೆ ಎಂದು ಕೂತ. ಕಳ್ಳ ಗಂಟು ಹೊತ್ತು ಬಂದ. ಭಾರವಾದರೆ ತಾನೇ ಇಳಿಸುತ್ತಾನೆ ಎಂದು ಕೂತ. ಬೆಳಿಗ್ಗೆ ರಾಜ ಕೇಳಿದ, "ಏನೋ, ನೋಡಿದೆಯಾ?" "ಎಲ್ಲಾ ನೋಡಿದೆ ಪ್ರಭು, ಎವೆ ಮುಚ್ಚಿಲ್ಲ!" ಅಜ್ಜಿ ಇಲ್ಲಿಗೆ ನಿಲ್ಲಿಸಿ ನಗುತ್ತಿದ್ದಳು. ರಾಜ ಏನು ಮಾಡಿದ ಎಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇವತ್ತು ಊಟ ಮಾಡುವಾಗ ಹೆಂಡತಿಗೆ ಹೇಳಿಬಿಟ್ಟೆ. ಫೇಲಾದೆ, ಹೀಗೆ ಹೀಗೆ ಫೇಲಾದೆ ಎಂದು. ಅವಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

"ಐದು ಎಣಿಸೋದು ವಿಮಾನದಲ್ಲಿ ಮಾತ್ರಾನಾ?"

"ಅಂದ್ರೆ?"

"ಏನಿಲ್ಲ. ಹದಿನಾರು ವರ್ಷದಿಂದ ಮನೆಯೊಳಗೆ ಯಾರೋ ಎಣಿಸ್ತಿರೋ ಸದ್ದು ಕೇಳ್ತಿತ್ತು. ಇಲಿ ಇರಬೇಕು ಅಂದ್ಕೊಂಡಿದ್ದೆ."

ಮಾರ್ಚ್ 16, ಭಾನುವಾರ

ಅಡುಗೆಮನೆಯಲ್ಲಿ ಎರಡು ಕುರ್ಚಿ ಪಕ್ಕಪಕ್ಕ ಹಾಕಿ ಅಭ್ಯಾಸ. ಇದು ರೇಡಿಯೋನ ಉಪಾಯ. ಹೆಂಡತಿ ಎಡಕ್ಕೆ, ಕ್ಯಾಪ್ಟನ್. ನನ್ನ ಕೈಯಲ್ಲಿ ಕಂಪನಿ ಕಳಿಸಿದ ವೇಗ, ಎತ್ತರಗಳ ಪಟ್ಟಿ. ಅವಳು ಬೇಕೆಂದೇ ತಪ್ಪು ಅಂಕಿ ಹೇಳಬೇಕು, ನಾನು ತಕ್ಷಣ "ವೇಗ", "ಎತ್ತರ" ಎಂದು ಕೂಗಬೇಕು.

ಅವಳು ಬಹಳ ಗತ್ತಿನ ಕ್ಯಾಪ್ಟನ್. "ಸಹ ಪೈಲಟ್, ನನ್ನ ಚಹಾ ಎಲ್ಲಿ?" ಎಂದು ಕೇಳುತ್ತಾಳೆ. ಪಟ್ಟಿಯಲ್ಲಿ ಚಹಾ ಇಲ್ಲ ಎಂದರೆ, "ನನ್ನ ವಿಮಾನದಲ್ಲಿ ಇದೆ" ಎನ್ನುತ್ತಾಳೆ.

ಮೂರನೇ ಸುತ್ತಿನಲ್ಲಿ ಅವಳ ಬೆನ್ನ ಹಿಂದೆ ಒಲೆಯ ಮೇಲಿನ ಹಾಲು ಏರುತ್ತಿರುವುದು ಕಂಡಿತು. ಕಂಡಿತು ಎಂದು ಒಪ್ಪಿಕೊಳ್ಳಬೇಕು. ಉಕ್ಕಿ, ಒಲೆಯೆಲ್ಲ ಹರಿದು, ಸೀದ ವಾಸನೆ ಬಂದ ಮೇಲೆ ಅವಳು ತಿರುಗಿದಳು.

"ನೋಡಿದ್ರಾ?"

"ನೋಡ್ದೆ."

ಒರೆಸುವ ಬಟ್ಟೆ ನನ್ನ ಮುಖಕ್ಕೆ ಬಂತು. ಒಲೆ ನಾನೇ ಒರೆಸಿದೆ. ಒರೆಸಿದ ಮೇಲೆ ಎರಡು ಗಂಟೆ ಅಭ್ಯಾಸ ಮಾಡಿದೆವು. ಕೊನೆಗೆ ಅವಳು ತಪ್ಪು ಹೇಳುವ ಮೊದಲೇ ನಾನು ಕೂಗತೊಡಗಿದೆ. ಅದೂ ತಪ್ಪಂತೆ.

ಮಾರ್ಚ್ 19, ಬುಧವಾರ

ಬೇಕರಿಯಮ್ಮ ದೊಡ್ಡ ಮೇಷ್ಟ್ರ ಜೊತೆ ಹಾರಿ ಬಂದು ಖುಷಿಯಿಂದ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

"ಸರ್, ಇವತ್ತು ದೊಡ್ಡ ಮೇಷ್ಟ್ರು ನನಗೆ ಎಂಥಾ ಪರೀಕ್ಷೆ ಕೊಟ್ರು ಗೊತ್ತಾ? ಇಳಿಸೋದು ನೋಡ್ಕೋ ಅಂತ ಕಂಟ್ರೋಲು ತಾವೇ ತಗೊಂಡ್ರು. ನೋಡ್ತೀನಿ, ರನ್‌ವೇ ಬಿಟ್ಟು ಪಕ್ಕದ ಲಾರಿ ರಸ್ತೆಗೆ ನೇರ ಹೋಗ್ತಿದ್ದಾರೆ! ‘ಮೇಷ್ಟ್ರೇ, ಅದು ಲಾರಿ ರಸ್ತೆ ಅಲ್ವಾ?’ ಅಂದೆ. ಒಂದು ಲಾರಿನೂ ಬರ್ತಿತ್ತು. ತಕ್ಷಣ ಮೇಲೆತ್ತಿದ್ರು. ‘ಶಭಾಷ್, ನೋಡ್ತೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ’ ಅಂದ್ರು. ನಾನು ಪಾಸ್!"

ಅವರ ಡಬ್ಬಿಯಿಂದ ಬಿಸ್ಕತ್ತು ತೆಗೆದು ಕೊಟ್ಟರು. ಪಾಸಾದ ಸಂತೋಷಕ್ಕೆ. ತಿಂದೆ.

ಅದು ಪರೀಕ್ಷೆಯಲ್ಲ.

ಮಾರ್ಚ್ 20, ಗುರುವಾರ

ಹೇಳಲಿಲ್ಲ. ಗಾಳಿ ಜೋರಿತ್ತು, ಯಾರೂ ಹಾರಲಿಲ್ಲ, ಮೇಷ್ಟ್ರಿಗೆ ಹೇಳುವ ಅವಸರವೇನೂ ಇರಲಿಲ್ಲ ಎಂದು ನೆಪ ಮಾಡಿಕೊಂಡೆ. ನಾಳೆ ಗಾಳಿ ಇಲ್ಲವಂತೆ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಏಳಕ್ಕೇ ಹೋದೆ. ಮೇಷ್ಟ್ರು ಹ್ಯಾಂಗರಿನಲ್ಲಿ ವಿಮಾನದ ಗಾಜು ಒರೆಸುತ್ತಿದ್ದರು. ಒರೆಸಿದಲ್ಲೇ ಒರೆಸುತ್ತಿದ್ದರು. ಒಂದು ಮೂಲೆಯಲ್ಲಿ ಹಕ್ಕಿಯ ಹಿಕ್ಕೆ ಹಾಗೇ ಇತ್ತು.

"ಮೇಷ್ಟ್ರೇ, ಬುಧವಾರದ್ದು ಪರೀಕ್ಷೆ ಅಲ್ಲ."

"ಯಾವುದು?"

"ಲಾರಿ ರಸ್ತೆ."

ಬಟ್ಟೆ ನಿಂತಿತು. "ಯಾರು ಹೇಳಿದ್ದು ಅಲ್ಲ ಅಂತ?"

"ಯಾರೂ ಹೇಳಿಲ್ಲ. ನಿಮಗೆ ಕಣ್ಣು ಕಾಣ್ತಿಲ್ಲ. ಇನ್ಮೇಲೆ ನೀವು ಯಾರನ್ನೂ ಮೇಲೆ ಕರ್ಕೊಂಡು ಹೋಗ್ಬಾರದು. ಹೋದ್ರೆ ನಾನು ಶಾಲೆ ಯಜಮಾನರಿಗೆ ಹೇಳ್ತೀನಿ."

ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಮಧ್ಯೆ ನಿಲ್ಲಿಸಿದ್ದರೆ ಮುಂದೆ ಹೋಗುತ್ತಿರಲಿಲ್ಲ.

"ಏನಯ್ಯಾ, ನನಗೆ ಹೇಳೋಕೆ ಬಂದ್ಯಾ? ಸ್ಟಾರ್ಟರ್ ಎಲ್ಲಿದೆ ಅಂತ ಗೊತ್ತಿಲ್ದೆ ಬಾಗಿಲಿನ ಹಿಡಿ ತಿರುಗಿಸಿದವನು ನೀನು. ನಿನಗೆ ಹಾರೋಕೆ ಕಲಿಸಿದ್ದು ಯಾರು?"

"ನೀವೇ."

"ಕಾಣ್ತಿಲ್ಲ ಅಂತ ಯಾವತ್ತಿಂದ ಗೊತ್ತು ನಿನಗೆ?"

"ಒಂದು ವರ್ಷದಿಂದ."

ಮೇಷ್ಟ್ರು ಬಟ್ಟೆಯನ್ನು ರೆಕ್ಕೆಯ ಮೇಲೆ ಎಸೆದರು. "ಒಂದು ವರ್ಷದಿಂದ ಗೊತ್ತಿದ್ರೆ ಒಂದು ವರ್ಷ ಯಾಕಯ್ಯಾ ಬಾಯಿ ಮುಚ್ಕೊಂಡಿದ್ದೆ?"

"ನಿಮಗೇ ಗೊತ್ತಾಗಲಿ ಅಂತ."

"ನನ್ನ ಕಣ್ಣು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಧ್ವನಿ ಇಳಿಯಿತು. "ನನಗಾಗಿ ನಾನು ನಿಲ್ಲಿಸೋಕೆ ಆಗ್ಲಿಲ್ಲ. ಇವನು ನೋಡಿದ್ದಾನೆ, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಯ್ತಿದ್ದೆ. ನೀನು ಹೇಳ್ಲಿಲ್ಲ. ನೀನು ಹೇಳ್ದೇ ಇದ್ರೆ ಅಷ್ಟೇನೂ ಕೆಟ್ಟಿಲ್ಲ ಅಂದ್ಕೊಂಡೆ."

ಇಬ್ಬರೂ ಆ ಹಿಕ್ಕೆಯನ್ನೇ ನೋಡುತ್ತಾ ನಿಂತೆವು. ನೋಡಿದ್ದು ನಾನು. ಅವರು ಆ ಕಡೆ ಮುಖ ಮಾಡಿದ್ದರು ಅಷ್ಟೆ.

ಆಮೇಲೆ ಅವರು ಕಚೇರಿಗೆ ಹೋಗಿ, ದಿನದ ಹಾರಾಟ ಬರೆಯುವ ಕರಿಹಲಗೆಯನ್ನು ಕೈಯಿಂದ ತಡವಿ ತಮ್ಮ ಸಾಲು ಹುಡುಕಿ, ಅಂಗಿಯ ತೋಳಿನಿಂದ ಅಳಿಸಿದರು. ನನ್ನ ಕಡೆ ತಿರುಗಲಿಲ್ಲ. "ಹೋಗು, ಕೆಲಸ ನೋಡು" ಎಂದರು.

ಮಾರ್ಚ್ 24, ಸೋಮವಾರ

ಸಿಮ್ಯುಲೇಟರ್. ಈ ಸಲ ಎಡಕ್ಕೆ ಪರೀಕ್ಷಕಿಯೇ ಕೂತರು. ಅವರು ಎತ್ತರ ತಪ್ಪಿಸಿದರು, "ಎತ್ತರ" ಎಂದೆ. ಕೇಳದವರ ಹಾಗೆ ಇದ್ದರು. "ಕ್ಯಾಪ್ಟನ್, ಎತ್ತರ" ಎಂದೆ. ಅದಕ್ಕೂ ಮಾತಿಲ್ಲ. "ಕಂಟ್ರೋಲ್ ನನ್ನದು" ಎಂದು ತೆಗೆದುಕೊಂಡೆ. ಇಳಿದ ಮೇಲೆ, "ಅಷ್ಟು ಗಟ್ಟಿಯಾಗಿ ಕಿರುಚಬೇಕಾಗಿರಲಿಲ್ಲ" ಎಂದರು. ಪಾಸು.

ರೈಲಿನಲ್ಲಿ ಎದುರು ಸೀಟಿನವನು ಬೇರೆಯವರ ಚೀಲದ ಮೇಲೆ ಕಾಲಿಟ್ಟಿದ್ದ. ತೆಗೀರಿ ಎಂದೆ, ತೆಗೆದ.

ಮಾರ್ಚ್ 26, ಬುಧವಾರ

ಶಾಲೆಯ ಯಜಮಾನರು ಬಂದಿದ್ದರು. ಪೇಟೆಯಲ್ಲಿ ಬಣ್ಣದಂಗಡಿ ಇಟ್ಟವರು. ವಿಮಾನ ಅವರ ಹುಚ್ಚು, ಬಣ್ಣ ಅವರ ಹೊಟ್ಟೆಪಾಡು. ಮೇಷ್ಟ್ರು ಅವರಿಗೆ ಒಂದು ಸಾಲಿನ ಚೀಟಿ ಕಳಿಸಿದ್ದರಂತೆ: ಕಣ್ಣು ಸರಿಯಿಲ್ಲ, ಹಾರುವುದು ನಿಲ್ಲಿಸಿದ್ದೇನೆ. ನನ್ನ ಸುದ್ದಿ ಅದರಲ್ಲಿ ಇಲ್ಲ.

"ಮೇಷ್ಟ್ರ ಕುರ್ಚಿ ಇನ್ನು ನಿನ್ನದು. ಮುಖ್ಯಸ್ಥ ನೀನೇ."

ನೋಡಿ ವಿಚಿತ್ರ. ಹದಿನಾಲ್ಕು ವರ್ಷ ಕಾದರೂ ಬಾರದ ಕುರ್ಚಿ, ನಾನು ಎದ್ದು ಹೊರಟಾಗ ತಾನಾಗಿ ನಡೆದು ಬಂತು.

"ನನಗೆ ವಿಮಾನ ಕಂಪನಿಯಿಂದ ಕೆಲಸ ಬಂದಿದೆ. ಸೋಮವಾರದೊಳಗೆ ಹೇಳ್ಬೇಕು. ಇನ್ನೂ ತೀರ್ಮಾನ ಮಾಡಿಲ್ಲ."

ಯಜಮಾನರ ಮುಖ ಸುಣ್ಣ ಬಳಿದ ಹಾಗಾಯಿತು. "ನೀನು ಹೋದ್ರೆ ಶಾಲೆ ಮುಚ್ಚುತ್ತೆ. ಪಾಪ ಯಾರ ತಲೆ ಮೇಲೆ?"

"ನಿಮ್ಮ ತಲೆ ಮೇಲೆ, ಯಜಮಾನರೇ. ಇನ್ನೊಬ್ಬ ಇನ್‌ಸ್ಟ್ರಕ್ಟರ್ ಬೇಕು ಅಂತ ನೀವೇ ಐದು ವರ್ಷದಿಂದ ಹೇಳ್ತಿದ್ದೀರಿ. ಹುಡುಕಿ."

ಅವರು ಹೋದ ಮೇಲೆ ಊಟದ ಡಬ್ಬಿ ತೆರೆದು ನಿಂತಲ್ಲೇ ಖಾಲಿ ಮಾಡಿದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಅದಕ್ಕಿರಬೇಕು.

ಮಾರ್ಚ್ 29, ಶನಿವಾರ

ಎರಡು ದಿನ ತಕ್ಕಡಿ ಹಿಡಿದು ಕೂತಿದ್ದೆ. ಆ ಕಡೆ ಕುರ್ಚಿ, ಊರು, ಮನೆ, ಬೇಕರಿಯಮ್ಮ ಮತ್ತು ಹಲ್ಲಿನ ಡಾಕ್ಟರ ಪರೀಕ್ಷೆ. ಈ ಕಡೆ ಐವತ್ತು ಸೀಟಿನ ವಿಮಾನದಲ್ಲಿ ಶಿಷ್ಯನ ಬಲಗೈ ಆಗುವುದು. ಕಪ್ಪೆ ತೂಗಿದ ಹಾಗೆ. ಒಂದನ್ನು ಇಟ್ಟರೆ ಇನ್ನೊಂದು ಹಾರುತ್ತದೆ.

ಸಂಜೆ ಹೆಂಡತಿಯ ಜೊತೆ ನಡೆಯಲು ಹೋದೆ. ಅಂಚೆ ಕಚೇರಿಯ ಹಿಂದಿನ ಬೀದಿ, ಬೀಗ ಹಾಕಿದ ಅಂಗಡಿಗಳು.

"ನಾನು ಹೋಗೋದು ನಿನಗೆ ಬೇಕಾ, ಬೇಡ್ವಾ?" ಎಂದು ಕೇಳಿದೆ.

ಅವಳು ನಿಂತಳು. "ಬೇಡ" ಎಂದಳು. "ಕೇಳಿದ್ರಲ್ಲ, ಅದಕ್ಕೆ ಹೇಳ್ದೆ. ತಿಂಗಳಿಗೆ ಎಂಟು ದಿನದ ಗಂಡ ನನಗೆ ಬೇಡ. ಈಗ ನೀವು ಹೇಳಿ. ಯಾವುದು ಸರಿ ಅಂತ ಬೇಡ, ನಿಮಗೆ ಯಾವುದು ಬೇಕು?"

"ಹೋಗ್ಬೇಕು" ಎಂದೆ. "ಒಂದೂರಲ್ಲಿ ಹತ್ತಿ ಇನ್ನೊಂದೂರಲ್ಲಿ ಇಳೀಬೇಕು. ಮುದುಕನಾಗೋದ್ರೊಳಗೆ ಯಾರನ್ನಾದ್ರೂ ಎಲ್ಲಿಗಾದ್ರೂ ಮುಟ್ಟಿಸ್ಬೇಕು."

"ಅಷ್ಟು ದೊಡ್ಡ ಆಸೆ ಇಟ್ಕೊಂಡು ಅಲಮಾರಿನ ಹಿಡಿ ರಿಪೇರಿ ಮಾಡ್ತಾ ಕೂತಿದ್ರಲ್ರೀ!"

ಮೂರು ಬೀದಿ ಸುತ್ತಿದೆವು. ಅವಳ ಸಿಟ್ಟು ಇಳಿದಿರಲಿಲ್ಲ, ಆದರೆ ನನ್ನ ತೋಳು ಬಿಟ್ಟಿರಲಿಲ್ಲ. ಮನೆ ಬಾಗಿಲಲ್ಲಿ ಹೇಳಿದಳು, "ಸೋಮವಾರ ನಾನೂ ವರ್ಗದ ಅರ್ಜಿ ಹಾಕ್ತೀನಿ. ಎರಡು ವರ್ಷ ಅಂದ್ರೆ ಎರಡು ವರ್ಷ. ಪ್ರತಿದಿನ ಫೋನ್ ಮಾಡ್ಬೇಕು. ‘ಸುಮಾರಾಗಿದ್ದೀನಿ’ ಅಂದ್ರೆ ಫೋನ್ ಇಟ್ಬಿಡ್ತೀನಿ."

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಕಂಪನಿಗೆ ಫೋನ್ ಮಾಡಿದೆ. ಬರುತ್ತೇನೆ, ಆದರೆ ನನ್ನ ಇಬ್ಬರು ವಿದ್ಯಾರ್ಥಿಗಳ ಪರೀಕ್ಷೆ ಮುಗಿಯಬೇಕು, ನಾಲ್ಕು ವಾರ ಕೊಡಿ ಎಂದು ಕೇಳಿದೆ. ಆ ಕಡೆಯ ಹೆಂಗಸು ಯಾರನ್ನೋ ಕೇಳಲು ಹೋದರು. ಫೋನಿನಲ್ಲಿ ಪಿಟೀಲು ಬಾರಿಸುತ್ತಿತ್ತು. ತಿರುಗಿ ಬಂದು ಹೇಳಿದರು, "ಆಗಲ್ಲ ಸರ್. ತಂಡ 7ಕ್ಕೆ ಶುರು. ಮುಂದಿನದು ಸೆಪ್ಟೆಂಬರಿನಲ್ಲಿ."

ಸೆಪ್ಟೆಂಬರಿನಲ್ಲಿ ನನಗೆ ನಲವತ್ತೆರಡು ದಾಟಿರುತ್ತದೆ.

"7ಕ್ಕೆ ಬರ್ತೀನಿ" ಎಂದೆ.

ಏಪ್ರಿಲ್ 2, ಬುಧವಾರ

ಹಲ್ಲಿನ ಡಾಕ್ಟರು ಒಳ್ಳೆಯವರು, ಕೈ ಕುಲುಕಿದರು. ಬೇಕರಿಯಮ್ಮ ಕುಲುಕಲಿಲ್ಲ.

"ಮೂರು ವಾರ ಇದೆ ನನ್ನ ಪರೀಕ್ಷೆಗೆ. ಈಗ ಬಿಟ್ಟು ಹೋಗ್ತೀರಾ?"

"ಹೌದು. ಪಕ್ಕದೂರಿನ ಶಾಲೆಯಿಂದ ಒಬ್ಬರು ವಾರಕ್ಕೆರಡು ದಿನ ಬರೋಕೆ ಒಪ್ಪಿದ್ದಾರೆ. ನಾನೇ ಹೋಗಿ ಮಾತಾಡಿ ಬಂದೆ. ಆದ್ರೂ ಎರಡು ತಿಂಗಳು ತಡ ಆಗುತ್ತೆ."

"ಮಧ್ಯದಲ್ಲಿ ಕೈ ಬಿಟ್ರಿ ಅಂತ ಆಯ್ತು."

"ಆಯ್ತು."

"ಇಲ್ಲ ಅನ್ನಿ ಸರ್, ಒಂದು ಸಲ. ನಾನು ನಂಬ್ತೀನಿ."

"ಸುಳ್ಳಾಗುತ್ತೆ. ಇನ್ನೊಂದು ಮಾತಿದೆ. ಆವತ್ತು ಲಾರಿ ರಸ್ತೆ ನೋಡಿ ಹೇಳಿದ್ರಲ್ಲ, ಅದು ಪರೀಕ್ಷೆ ಆಗಿರಲಿಲ್ಲ. ನಿಮ್ಮಿಬ್ಬರ ಜೀವ ನೀವೇ ಉಳಿಸಿದ್ರಿ. ಇದನ್ನ ಹೇಳ್ಬಹುದಾ ಅಂತ ಮೇಷ್ಟ್ರನ್ನ ಕೇಳಿದ್ದೆ. ಹೇಳು ಅಂತ ಚೀಟಿ ಕಳಿಸಿದ್ರು."

ಅವರು ಅಲ್ಲೇ ಎಣ್ಣೆ ಡಬ್ಬದ ಮೇಲೆ ಕೂತರು. "ಅದಕ್ಕೆ ನಾನು ನಿಮಗೆ ಬಿಸ್ಕತ್ತು ಬೇರೆ ಕೊಟ್ನಲ್ಲಾ" ಎಂದರು. ಎದ್ದು ಹೋಗುವಾಗಲೂ ಕೈ ಕುಲುಕಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಏಪ್ರಿಲ್ 6, ಭಾನುವಾರ

ನಾಳೆ ಹಾಜರಾಗಬೇಕು. ಇವತ್ತು ಸಂಜೆ ರೈಲು. ಬೆಳಿಗ್ಗೆ ದೊಡ್ಡ ಮೇಷ್ಟ್ರ ಮನೆಗೆ ಹೋದೆ. ಹದಿನಾರು ದಿನದಿಂದ ನನ್ನೊಡನೆ ಮಾತಾಡಿಲ್ಲ. ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕ ಕೂತು ಭೂತಗನ್ನಡಿ ಹಿಡಿದು ನಕಾಶೆ ನೋಡುತ್ತಿದ್ದರು.

"ಕಾಲಿನ ಸದ್ದಿನಲ್ಲೇ ಗೊತ್ತಾಯ್ತು. ಕೂರು."

ಕೂತೆ. "ಕಣ್ಣಿನ ಡಾಕ್ಟರು ಏನಂದ್ರು, ಮೇಷ್ಟ್ರೇ?"

"ಒಳಗಿನ ನರ ಒಣಗ್ತಾ ಇದೆಯಂತೆ. ಇರೋದನ್ನ ಉಳಿಸ್ಕೋಬಹುದು, ಹೋದದ್ದು ಬರಲ್ಲ ಅಂದ." ಭೂತಗನ್ನಡಿ ಕೆಳಗಿಟ್ಟರು. "ಒಂದು ವರ್ಷ ಮೊದಲೇ ಬಂದಿದ್ರೆ ಇನ್ನೂ ಸ್ವಲ್ಪ ಉಳೀತಿತ್ತು ಅಂತಾನೂ ಅಂದ."

ನಾನು ಹೇಳಿದೆ, "ಆ ವರ್ಷ ನನ್ನಿಂದ ಹೋಯ್ತು."

"ಅರ್ಧ ನಿನ್ನಿಂದ, ಅರ್ಧ ನನ್ನಿಂದ. ಪೂರ್ತಿ ನಿನ್ನ ತಲೆಗೆ ಕಟ್ಟೋಣ ಅಂತ ಹತ್ತು ದಿನ ನೋಡ್ದೆ. ಕಟ್ಟೋಕೆ ಆಗ್ಲಿಲ್ಲ." ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ, "ಯಾವ ಸೀಟು ಕೊಟ್ರು?"

"ಬಲಗಡೆ."

"ಎಡಗಡೆ ಯಾರು?"

"ಟ್ರೇನಿಂಗ್ ಮುಗಿದ್ಮೇಲೆ, ರೇಡಿಯೋ."

ಮೇಷ್ಟ್ರು ಮೊದಲು ಕೆಮ್ಮಿದರೆಂದುಕೊಂಡೆ. ನಗುತ್ತಿದ್ದರು. ಕಣ್ಣೊರೆಸಿಕೊಂಡು ನಕ್ಕರು. "ಅವನ ಜೊತೆ ಒಂದು ಡಬ್ಬಿಯಲ್ಲಿ! ಅಯ್ಯೋ, ನಿನಗೆ ಬಾಯಿ ತೆರೆಯೋಕೆ ಸಂದು ಸಿಕ್ಕಿದ್ರೆ ಕೇಳು."

"ಸಂದು ಮಾಡ್ಕೋತೀನಿ ಬಿಡಿ."

"ಮಾಡ್ಕೊ." ನಕಾಶೆಯನ್ನು ನನ್ನ ಕಡೆ ತಳ್ಳಿದರು. "ನೀನು ಹೋಗೋ ಆ ಐದೂ ಊರು ಎಲ್ಲೆಲ್ಲಿ ಬರುತ್ತೆ, ಓದಿ ಹೇಳು. ಇದು ನಿನಗೆ ಪಾಠ ಅಲ್ಲ. ನನಗೆ ಕಾಣಲ್ಲ."

ಒಂದೊಂದಾಗಿ ಓದಿದೆ. ಯಾವ ಊರಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಎಲ್ಲಿ ಬೆಟ್ಟ ಹತ್ತಿರ, ಎಲ್ಲಿ ಮಂಜು ಎಂದು ಅವರು ಹೇಳುತ್ತಾ ಹೋದರು. ಮಧ್ಯಾಹ್ನವಾಯಿತು.

ಮನೆಗೆ ಬಂದು ಚೀಲ ಕಟ್ಟಿ ಇದನ್ನು ಬರೆಯಲು ಕೂತಿದ್ದೇನೆ. ಹೆಂಡತಿ ಎದುರಿನ ಕುರ್ಚಿಯಲ್ಲಿ ನನ್ನ ಬಿಳಿ ಶರ್ಟಿಗೆ ಗುಂಡಿ ಹಾಕುತ್ತಾ, ಮೇಷ್ಟ್ರು ಏನೆಂದರು ಎಂದು ಎರಡನೇ ಸಲ ಕೇಳುತ್ತಿದ್ದಾಳೆ. ಡಾಕ್ಟರು ಹೇಳಿದ್ದನ್ನು ಬರೆದಿದ್ದೇನೆ, ಅದು ಕೇಳಿದಾಗ ನನಗೆ ಏನಾಯಿತು ಎಂಬುದನ್ನು ಇನ್ನೂ ಬರೆದಿಲ್ಲ. ರೈಲಿಗೆ ಮೂರು ಗಂಟೆ ಇದೆ. ಬರೆಯುತ್ತಾ ಕೂತರೆ ತಡವಾಗುತ್ತದೆ, ಅವಳಿಗೇ ಹೇಳುತ್ತೇನೆ.